ಅಂಕಲಿಯ ಹೊಳೆ, ಘಟ್ಟದ ನೆತ್ತಿ

ಮಳೆಗಾಲ ಬಂತೆಂದರೆ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಹೊಳೆದಂಡೆಯಲ್ಲಿ ಮಹಾರಾಷ್ಟ್ರದ ಕೊಯ್ನಾ ಜಲಾಶಯದ್ದೇ ಮಾತು. ಅಲ್ಲಿ ಎಷ್ಟು ಮಳೆ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ದೂಧಗಂಗೆ ಎಷ್ಟು ಏರಿತು? ಊರಲ್ಲಿ ಹನಿ ಬೀಳದಿದ್ದರೂ ಕೃಷ್ಣೆ ತುಂಬಿ ಬರುತ್ತಾಳೆ. 2005, 2019, 2021ರ ಮಹಾಪೂರಗಳೆಲ್ಲ ಇಳಿದದ್ದು ಸಹ್ಯಾದ್ರಿಯ ನೆತ್ತಿಯಿಂದ. ಮರಾಠಿಗರು ಅದನ್ನು ‘ಘಾಟಮಾಥಾ’ ಅನ್ನುತ್ತಾರೆ.

ಆ ನೆತ್ತಿ ಬೆಂಕಿಯ ಕೂಸು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ, ಪದರದ ಮೇಲೆ ಪದರವಾಗಿ ಹರಡಿ ಕರಿಕಲ್ಲಾಯಿತು. ಆಮೇಲೆ ಪಡುವಣದ ಅಂಚು ಮೇಲೆದ್ದಿತು. ಕೊಂಕಣದ ಕಡೆ ಗೋಡೆಯಂಥ ಕಡಿದು, ಮೂಡಣಕ್ಕೆ ಮೆಲ್ಲನೆಯ ಇಳಿಜಾರು. ಅದಕ್ಕೇ ಅರಬ್ಬೀ ಸಮುದ್ರದಿಂದ ಬರೀ 64 ಕಿ.ಮೀ. ದೂರದ ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ, ಆ ಕಡಲಿಗೆ ಬೆನ್ನು ತಿರುಗಿಸಿ 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ.

ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿ.ಮೀ.ಗೂ ಹೆಚ್ಚು ಮಳೆ. ಅಥಣಿ ಕಡೆಗೆ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಆದರೂ ಜನ ನೆಲೆಸಿದ್ದು ಮಳೆ ಕಡಿಮೆಯಿರುವ ಕಡೆಗೇ! ಅತಿ ಮಳೆ ನೆಲದ ಸತ್ವವನ್ನು ತೊಳೆದೊಯ್ದು ಜಂಬಿಟ್ಟಿಗೆಯ ಗಟ್ಟಿ ಚಪ್ಪಡಿಯನ್ನಷ್ಟೇ ಉಳಿಸಿತು. ಅದೇ ಕರಿಕಲ್ಲು ಕೆಳಗಿನ ಸೀಮೆಯಲ್ಲಿ ಸವೆದು ಎರಿ ಮಣ್ಣಾಯಿತು, ಕಬ್ಬು ಬೆಳೆಯಿತು. ಮೇಲೆ ಇಳಿಜಾರಿನಲ್ಲಿ ಒಂದಿಷ್ಟು ರಾಗಿ, ಎಮ್ಮೆ ಕಟ್ಟಿಕೊಂಡ ಗೌಳಿ ಧನಗರರ ಚದುರಿದ ಹಟ್ಟಿಗಳು. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯ ಬಂಡೆಯಲ್ಲಿ ಬೇಸಾಯವಿಲ್ಲ. ಮಳೆ ತಗ್ಗುವ ಹೊತ್ತಿಗೆ ಅಲ್ಲಿ ನೆಲ ಕಾಣದಷ್ಟು ಹೂವು. 2012ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಆದರೆ ಈ ನಿರ್ಜನತೆಯೆಲ್ಲ ನಿಸರ್ಗದ್ದಲ್ಲ.

ಕೊಯ್ನಾ ನದಿ ಬೆಟ್ಟಸಾಲಿನ ಗುಂಟ ತೆಂಕಣಕ್ಕೆ ಹರಿದು, ಹೇಳವಾಕದಲ್ಲಿ ಥಟ್ಟನೆ ಮೂಡಣಕ್ಕೆ ಹೊರಳುತ್ತದೆ. ಆ ತಿರುವಿನ ಮೇಲ್ಗಡೆ, 1960ರ ದಶಕದಲ್ಲಿ ಅಣೆಕಟ್ಟು ಎದ್ದಿತು. ಅದರ ಜಲಾಶಯ ಶಿವಸಾಗರದ ಹಿನ್ನೀರಿನಲ್ಲಿ ಕಣಿವೆಯ ಊರುಗಳು ಮುಳುಗಿದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಭೂಮಿ ನಡುಗಿತು. ಜಲಾಶಯದಿಂದ ಪ್ರಚೋದಿತವಾದ ಭೂಕಂಪಗಳ ಮಾತು ಬಂದಾಗ ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ಕೊಯ್ನಾದ ಹೆಸರು ಹೇಳುತ್ತಾರೆ. ಬಳಿಕ ಅಭಯಾರಣ್ಯ, 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ. ಇನ್ನಷ್ಟು ಹಳ್ಳಿಗಳು ಕೆಳಗಿಳಿದವು.

ಶಿವಸಾಗರದ ನೀರಿನ ದೊಡ್ಡ ಪಾಲು ಸುರಂಗದಲ್ಲಿ ಪಡುವಣಕ್ಕೆ ಧುಮುಕಿ, ವಿದ್ಯುತ್ತಾಗಿ, ವಾಶಿಷ್ಠಿ ನದಿಯ ಮೂಲಕ ಅರಬ್ಬೀ ಸಮುದ್ರ ಸೇರುತ್ತದೆ. ಉಳಿದದ್ದು ಕರಾಡದಲ್ಲಿ ಕೃಷ್ಣೆಯನ್ನು ಕೂಡಿ ಅಂಕಲಿಯ ದಾರಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕರ್ನಾಟಕ ಮಹಾರಾಷ್ಟ್ರವನ್ನು ಕೇಳಿಕೊಳ್ಳುವುದು ಆ ನೀರನ್ನೇ. ಅದರ ಲೆಕ್ಕ ಹಾಕುವಾಗ ಶಿವಸಾಗರದ ತಳದಲ್ಲಿರುವ ಊರುಗಳನ್ನೂ ಅಂಕಲಿಯ ಜನ ನೆನೆಯಬೇಕು.