ಲೂಯಿಸ್ ಬಾಯ್ಡ್ ಕೊಟ್ಟದ್ದು ದುಡ್ಡು ಮಾತ್ರವೇ?

ಕ್ಯಾಲಿಫೋರ್ನಿಯಾದ ಲೂಯಿಸ್ ಬಾಯ್ಡ್ (1887–1972) ಬಗ್ಗೆ ಬೇರೂರಿದ ನಂಬಿಕೆಯೊಂದಿದೆ: ಚಿನ್ನದ ಗಣಿಯ ಆಸ್ತಿ ಕೈಸೇರಿದ ಈ ಮಹಿಳೆ ಹಡಗು ಬಾಡಿಗೆಗೆ ಹಿಡಿದು ಆರ್ಕ್ಟಿಕ್‌ಗೆ ಮೋಜಿಗೆಂದು ಹೋಗಿಬಂದರು, ಕೆಲಸ ಮಾಡಿದ್ದು ಜೊತೆಗಿದ್ದ ವಿಜ್ಞಾನಿಗಳು, ಖರ್ಚಷ್ಟೇ ಇವರದು. ಈ ಮಾತು ಹುಟ್ಟಲು ಕಾರಣ ಇಲ್ಲದಿಲ್ಲ. 1926ರಲ್ಲಿ ಸ್ನೇಹಿತರೊಂದಿಗೆ ‘ಹಾಬಿ’ ಎಂಬ ನಾರ್ವೆಯ ಹಡಗೇರಿ ಫ್ರಾನ್ಸ್ ಜೋಸೆಫ್ ಲ್ಯಾಂಡ್‌ಗೆ ಅವರು ಹೋದದ್ದು ಹಿಮಕರಡಿ ಬೇಟೆಗೇ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಒಂದು ಬೇಸಿಗೆಯನ್ನು ಹಿಡಿದು ಮುಂದಿನ ಹದಿನೈದು ವರ್ಷಗಳನ್ನು ತೂಗುವುದು ಅನ್ಯಾಯ. 1928ರಲ್ಲಿ ಅದೇ ಹಡಗಿನಲ್ಲಿ ಮತ್ತೆ ಹೊರಡುವ ಹೊತ್ತಿಗೆ, ವಾಯುನೌಕೆ ಅಪಘಾತಕ್ಕೀಡಾಗಿದ್ದ ಇಟಲಿಯ ನೊಬಿಲೆಯನ್ನು ಹುಡುಕಲು ಹೋದ ನಾರ್ವೆಯ ಧ್ರುವಾನ್ವೇಷಕ ಅಮುಂಡ್‌ಸೆನ್ ವಿಮಾನಸಮೇತ ಕಾಣೆಯಾಗಿದ್ದರು. ಬಾಯ್ಡ್ ತಮ್ಮ ಪ್ರವಾಸ ಕೈಬಿಟ್ಟು ಹಡಗನ್ನು ನಾರ್ವೆ ಸರ್ಕಾರಕ್ಕೆ ಒಪ್ಪಿಸಿದರು. ತಾವೂ ಅದರಲ್ಲೇ ಉಳಿದು, ಸುಮಾರು 10,000 ಮೈಲಿ ಹುಡುಕಾಡಿದರು. ಅಮುಂಡ್‌ಸೆನ್ ಸಿಗಲೇ ಇಲ್ಲ.

ಅಲ್ಲಿಂದಾಚೆಗಿನ ಯಾನಗಳ ಸ್ವರೂಪವೇ ಬೇರೆ. 1931, 1933, 1937 ಮತ್ತು 1938ರಲ್ಲಿ ‘ವೆಸ್ಲೆಕಾರಿ’ ಹಡಗು ಅವರನ್ನು ಪೂರ್ವ ಗ್ರೀನ್‌ಲ್ಯಾಂಡಿನ ಕಡಿದಾದ ಫಿಯೋರ್ಡ್‌ಗಳಿಗೆ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲಚಾಚುಗಳಿಗೆ, ಕರೆದೊಯ್ಯಿತು. ಭೂವಿಜ್ಞಾನಿ, ಸಸ್ಯವಿಜ್ಞಾನಿ, ಸರ್ವೇಯರ್‌ಗಳು ಜೊತೆಗಿದ್ದರು, ನಿಜ. ಆದರೆ ತಂಡದ ಛಾಯಾಗ್ರಾಹಕಿ ಬಾಯ್ಡ್ ಅವರೇ. ಹಿಮನದಿಯ ಅಂಚು, ಬಂಡೆಯ ಪದರ, ಕಣಿವೆಯ ಇಳಿಜಾರು ಎಲ್ಲವನ್ನೂ ಭಾರದ ಕ್ಯಾಮೆರಾಗಳಲ್ಲಿ ಸಾವಿರಾರು ಚಿತ್ರಗಳಾಗಿ ದಾಖಲಿಸಿದರು. ಗಿಡಗಳನ್ನು ಕಿತ್ತು ಒಣಗಿಸಿ ಜೋಪಾನ ಮಾಡಿದರು. ಒಂದೇ ಬೆಟ್ಟವನ್ನು ಬೇರೆ ಬೇರೆ ಜಾಗಗಳಿಂದ ಚಿತ್ರಿಸಿ, ಅದರ ಎತ್ತರ ಮತ್ತು ದೂರವನ್ನು ಲೆಕ್ಕಹಾಕಿ ನಕ್ಷೆ ಬರೆಯುವ ವಿಧಾನವನ್ನು 1933ರ ತಂಡ ಬಳಸಿತು. ಆ ನಕ್ಷೆಗಳನ್ನು ಅಮೆರಿಕನ್ ಜಿಯಾಗ್ರಫಿಕಲ್ ಸೊಸೈಟಿ 1935ರಲ್ಲಿ ಬಾಯ್ಡ್ ಅವರ ಪುಸ್ತಕದ ಜೊತೆಗೆ ಪ್ರಕಟಿಸಿತು. ಮೋಜಿಗೆ ಹೋದವರು ಇಂಥ ದಾಖಲೆ ತರುವುದಿಲ್ಲ.

‘ದುಡ್ಡಿಲ್ಲದಿದ್ದರೆ ಇವರನ್ನು ಯಾರು ಕರೆಯುತ್ತಿದ್ದರು?’ ಎಂದು ಕೇಳಬಹುದು. ಬಹುಶಃ ಯಾರೂ ಇಲ್ಲ. ಕಾಲೇಜು ಮೆಟ್ಟಿಲು ಹತ್ತದ ಮಹಿಳೆಗೆ ಆ ಕಾಲದಲ್ಲಿ ಯಾವ ಸಂಸ್ಥೆಯೂ ಹಡಗಿನ ಮುಂದಾಳತ್ವ ಕೊಡುತ್ತಿರಲಿಲ್ಲ. ಹಣ ಅವರಿಗೆ ದಾರಿ ಬಿಡಿಸಿಕೊಟ್ಟಿತು. ಆದರೆ ಕೆಲಸದ ಗುಣಮಟ್ಟವನ್ನು ಹಣ ಕೊಟ್ಟು ಕೊಳ್ಳಲಾಗದು. ಅದನ್ನು ಅಳೆಯಲು ಅಮೆರಿಕ ಸರ್ಕಾರದ ನಡೆಯನ್ನೇ ನೋಡಿ. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿತು. ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ರಾತ್ರೋರಾತ್ರಿ ಯುದ್ಧತಂತ್ರದ ನೆಲವಾಯಿತು. ಬಾಯ್ಡ್ ಅವರ ಹೊಸ ಪುಸ್ತಕದಲ್ಲಿದ್ದ ಚಿತ್ರ, ನಕ್ಷೆಗಳು ಶತ್ರುವಿನ ಕೈಗೆ ಸಿಗಬಾರದೆಂದು ಸರ್ಕಾರ ಅದರ ಪ್ರಕಟಣೆಯನ್ನು ತಡೆಯಿತು. ಮರುವರ್ಷ, ಆರ್ಕ್ಟಿಕ್‌ನಲ್ಲಿ ರೇಡಿಯೊ ತರಂಗಗಳ ವರ್ತನೆಯನ್ನು ತಿಳಿಯುವ ಯಾನದ ಹೊಣೆಯನ್ನು ಅವರಿಗೇ ವಹಿಸಲಾಯಿತು. ತಡೆಹಿಡಿದ ಪುಸ್ತಕ ಓದುಗರ ಕೈಸೇರಿದ್ದು ಯುದ್ಧ ಮುಗಿದ ಮೇಲೆ, 1948ರಲ್ಲಿ.