ನೋವಿನ ನಡುವೆ ಮತ್ತೆ ಕೈಗೆ ಬಂದ ಕ್ಯಾಮೆರಾ

ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ನೋವು ಅನುಭವಿಸುತ್ತಿರುವವರು ಇದ್ದಾರೆ. ಸೊಂಟನೋವು, ಮಂಡಿನೋವು, ಅಪಘಾತದ ನಂತರ ಉಳಿದುಹೋದ ನೋವು. "ಗಾಯ ಮಾಗಿತಲ್ಲ, ಎಕ್ಸ್‌ರೇ ಸರಿಯಾಗಿದೆಯಲ್ಲ, ಇನ್ನೂ ಏಕೆ ನರಳುವುದು?" ಎಂದು ಮನೆಯವರಾದ ನಾವು ಒಳಗೊಳಗೇ ಬೇಸರಪಡುವುದೂ ಉಂಟು. ಮೂರು ತಿಂಗಳು ದಾಟಿಯೂ ಹೋಗದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಗಾಯ ಮಾಗಿದ ಮೇಲೂ ನರಮಂಡಲವು ಅಪಾಯದ ಸೂಚನೆಯನ್ನು ಕಳುಹಿಸುತ್ತಲೇ ಇರಬಹುದು. ಅದು ನಟನೆಯಲ್ಲ, ಸೋಮಾರಿತನವೂ ಅಲ್ಲ. ಇಂಥವರ ಕೈಯಿಂದ ಹೊಲಿಗೆ, ಹಾಡು, ಫೋಟೋ ತೆಗೆಯುವ ಹವ್ಯಾಸ ಒಂದೊಂದಾಗಿ ಜಾರಿಹೋಗುತ್ತವೆ. ಅವು ಮತ್ತೆ ಬರುವುದು ಹೇಗೆ?

ಅಮೆರಿಕದ ಛಾಯಾಗ್ರಾಹಕ ಯುಜೀನ್ ಸ್ಮಿತ್ (1918–1978) ಅವರ ಬದುಕನ್ನು ಇಲ್ಲಿ ನೋಡೋಣ. ನೋತ್ರ್ ದಾಮ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿ, ಬಿಟ್ಟು, ಕ್ಯಾಮೆರಾವನ್ನೇ ವೃತ್ತಿಯಾಗಿಸಿಕೊಂಡವರು ಅವರು. ಎರಡನೆಯ ಮಹಾಯುದ್ಧದ ಚಿತ್ರಗಳನ್ನು ತೆಗೆಯುತ್ತಾ 1945ರ ಮೇ ತಿಂಗಳಲ್ಲಿ ಜಪಾನಿನ ಒಕಿನಾವಾ ದ್ವೀಪದಲ್ಲಿದ್ದಾಗ ಶೆಲ್ ಸಿಡಿದು, ಚೂರುಗಳು ಅವರ ಎಡಗೈಯನ್ನೂ ಮುಖವನ್ನೂ ಸೀಳಿದವು. ಮುಂದೆ ಸುಮಾರು ಎರಡು ವರ್ಷ ಶಸ್ತ್ರಚಿಕಿತ್ಸೆಗಳ ಮೇಲೆ ಶಸ್ತ್ರಚಿಕಿತ್ಸೆ. ಇನ್ನು ಮುಂದೆ ಕ್ಯಾಮೆರಾ ಹಿಡಿಯಲು ಸಾಧ್ಯವೇ ಎಂಬುದೇ ಸಂಶಯವಾಗಿತ್ತು.

1946ರಲ್ಲಿ ಒಂದು ದಿನ ಅವರು ಕ್ಯಾಮೆರಾ ಎತ್ತಿಕೊಂಡರು. ನೋವು ಹೋಗಿರಲಿಲ್ಲ, ಫಿಲ್ಮ್ ಹಾಕುವುದೇ ಆ ಕೈಗೆ ಕಷ್ಟವಾಯಿತು. ಆದರೆ ಮೊದಲ ಚಿತ್ರ ಯುದ್ಧದ ಕ್ರೌರ್ಯವನ್ನು ಹೇಳಬಾರದು, ಕೋಮಲವಾದುದನ್ನು ಹೇಳಬೇಕು ಎಂಬ ಹಟ ಅವರಿಗಿತ್ತು. ತಮ್ಮ ಇಬ್ಬರು ಪುಟ್ಟ ಮಕ್ಕಳ ಹಿಂದೆ ಮರಗಳ ನಡುವೆ ನಡೆದರು. ಮಕ್ಕಳು ಕತ್ತಲು ಕವಿದ ಎಲೆಗಳ ನಡುವಿನಿಂದ ಬೆಳಕಿನ ಬಯಲಿಗೆ ಕಾಲಿಡುವ ಗಳಿಗೆಯಲ್ಲಿ ಕ್ಲಿಕ್ಕಿಸಿದರು. ಚಿತ್ರದಲ್ಲಿ ಮಕ್ಕಳ ಮುಖವೇ ಇಲ್ಲ, ಬೆನ್ನು ಮಾತ್ರ. 'ಸ್ವರ್ಗೋದ್ಯಾನದತ್ತ ನಡಿಗೆ' ಎಂಬ ಅರ್ಥದ ಹೆಸರನ್ನು ಅದಕ್ಕಿಟ್ಟರು. ಆದಿಕಾಂಡದಲ್ಲಿ ಆದಾಮ ಹವ್ವರು ತೋಟದಿಂದ ಹೊರನಡೆಯುವುದನ್ನು ನಾವು ಓದಿದ್ದೇವೆ. ಇಲ್ಲಿ ಇಬ್ಬರು ಮಕ್ಕಳು ತೋಟದತ್ತ ನಡೆಯುತ್ತಾರೆ. 1955ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ 'ದ ಫ್ಯಾಮಿಲಿ ಆಫ್ ಮ್ಯಾನ್' ಪ್ರದರ್ಶನದ 503 ಚಿತ್ರಗಳಲ್ಲಿ ಕೊನೆಯದಾಗಿ ಇಟ್ಟದ್ದು ಇದನ್ನೇ.

ಇದನ್ನು ಪವಾಡವೆಂದು ಹೇಳುವುದು ನಮಗೆ ಸರಿಕಾಣದು. ಸ್ಮಿತ್ ಅವರ ದೇಹದ ತೊಂದರೆಗಳು ಕೊನೆಯವರೆಗೂ ಉಳಿದವು. ಮದ್ಯ ಮಾತ್ರೆಗಳ ಹಿಡಿತಕ್ಕೂ ಅವರು ಸಿಕ್ಕಿದ್ದರು. ಆದರೂ 1948ರಲ್ಲಿ 'ಲೈಫ್' ಪತ್ರಿಕೆಗಾಗಿ ಹಳ್ಳಿಯ ವೈದ್ಯರೊಬ್ಬರ ದಿನಚರಿಯನ್ನು, 1951ರಲ್ಲಿ ಬಡವರ ಹೆರಿಗೆ ಮಾಡಿಸುತ್ತಿದ್ದ ಕಪ್ಪುವರ್ಣದ ದಾದಿಯೊಬ್ಬರ ಸೇವೆಯನ್ನು ಅವರು ಚಿತ್ರಗಳಲ್ಲಿ ಹೇಳಿದರು. ನೋವು ಉಂಡವರ ಕಣ್ಣು ಇತರರ ನೋವನ್ನು ಬೇಗ ಗುರುತಿಸುತ್ತದೇನೋ.

ಮನಸ್ಸು ಒಂದು ಕೆಲಸದಲ್ಲಿ ಪೂರ್ತಿ ತೊಡಗಿದಾಗ ನೋವಿನ ಅರಿವು ತಗ್ಗುತ್ತದೆ ಎಂಬುದನ್ನು ವೈದ್ಯಶಾಸ್ತ್ರವೂ ಒಪ್ಪುತ್ತದೆ. ಔಷಧಿ, ವ್ಯಾಯಾಮಗಳ ಬದಲಿಗಲ್ಲ, ಅವುಗಳ ಜೊತೆಗೆ. ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಭಾರವಾದ ಕ್ಯಾಮೆರಾ ಕೈಗೂ ಕತ್ತಿಗೂ ತೊಂದರೆಯೇ; ಮೊಬೈಲ್ ಸಾಕು. ಹಾಸಿಗೆಯಿಂದ ಕಾಣುವ ಕಿಟಕಿಯ ಬೆಳಕು ಬೆಳಗ್ಗೆ ಒಂದು ತರಹ, ಸಂಜೆ ಇನ್ನೊಂದು ತರಹ. ಹತ್ತು ನಿಮಿಷ ಸಾಕು. ನೋವು ಕಡಿಮೆಯಿದ್ದ ದಿನ ಹುರುಪಿನಿಂದ ಇಡೀ ಹಬ್ಬದ ಮೆರವಣಿಗೆಯ ಫೋಟೋ ತೆಗೆಯಲು ಹೋದರೆ ಮರುದಿನ ಏಳಲಾಗದು. ದಣಿಯುವ ಮೊದಲೇ ನಿಲ್ಲಿಸುವುದನ್ನು ಕಲಿಯಬೇಕು.

ಮನೆಯವರಿಗೂ ಒಂದು ಮಾತು. ಅಮ್ಮ ನಿನ್ನೆ ಅಂಗಳದ ದಾಸವಾಳದ ಫೋಟೋ ತೆಗೆದು ಇವತ್ತು ಮಲಗಿದ್ದರೆ, "ಫೋಟೋಗೆ ಆಗುತ್ತೆ, ಅಡುಗೆಗೆ ಆಗಲ್ವಾ?" ಎಂದು ಕೇಳಬೇಡಿ. ಅವರ ಪಕ್ಕದಲ್ಲಿ ಕುಳಿತು ಆ ಫೋಟೋ ತೋರಿಸಲು ಹೇಳಿ.