ತೊಗಟೆಯಿಂದ ಹೊರಟ ಅಣು

ಮುಂಬೈ ಉಪನಗರ ಮುಲುಂಡಿನಲ್ಲಿ ಹೆಕ್ಸ್ಟ್ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಅಲ್ಲಿನ ರಸಾಯನ ವಿಜ್ಞಾನಿಗಳು 1980ರ ದಶಕದಲ್ಲಿ ಬೇವಿನ ಕುಟುಂಬದ ಒಂದು ಕಾಡುಮರದ ತೊಗಟೆಯನ್ನು ಕೈಗೆತ್ತಿಕೊಂಡರು. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಈ ಮರದ ಸಸ್ಯಶಾಸ್ತ್ರೀಯ ಹೆಸರು ಡಿಸಾಕ್ಸಿಲಮ್ ಬೈನೆಕ್ಟಾರಿಫೆರಮ್. ಅದರಿಂದ ಬೇರ್ಪಟ್ಟ ರೋಹಿಟುಕಿನ್ ಎಂಬ ವಸ್ತು ಉರಿಯೂತವನ್ನು ತಗ್ಗಿಸುತ್ತಿತ್ತು, ರೋಗನಿರೋಧಕ ವ್ಯವಸ್ಥೆಯ ಮೇಲೂ ಪ್ರಭಾವ ಬೀರುತ್ತಿತ್ತು. ಸುಜಾತಾ ಭಟ್, ನೋಯೆಲ್ ಡಿಸೋಜಾ ಮತ್ತು ಸಂಗಡಿಗರು 1988ರಲ್ಲಿ ಇದನ್ನು ಪ್ರಕಟಿಸಿದರು.

ಕತೆ ಉರಿಯೂತದಲ್ಲೇ ನಿಲ್ಲಲಿಲ್ಲ.

ರೋಹಿಟುಕಿನ್‌ನ ಒಂದು ಮೂಲೆಯಲ್ಲಿದ್ದ ಪುಟ್ಟ ಮೀಥೈಲ್ ಗುಂಪನ್ನು ತೆಗೆದು ಕ್ಲೋರಿನ್ ಹೊತ್ತ ಬೆನ್ಜೀನ್ ಉಂಗುರವನ್ನು ಕೂರಿಸಿದಾಗ ಫ್ಲೇವೊಪಿರಿಡಾಲ್ ಹುಟ್ಟಿತು. ಜೀವಕೋಶ ವಿಭಜನೆಯನ್ನು ಹಂತಹಂತವಾಗಿ ಮುಂದಕ್ಕೆ ತಳ್ಳುವ ಸಿಡಿಕೆ ಎಂಬ ಕಿಣ್ವಗಳನ್ನು ಅದು ತಡೆಯುತ್ತದೆ. ಈ ಬಗೆಯ ಔಷಧಗಳಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗೆ ಇಳಿದ ಮೊದಲನೆಯದು ಇದೇ.

ಮೊದಲ ಪ್ರಯೋಗಗಳು ನಿರಾಶೆ ತಂದವು. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದ ಔಷಧ ರೋಗಿಯ ದೇಹದಲ್ಲಿ ಸೋಲುತ್ತಿತ್ತು. ತಟ್ಟೆಯ ಕೋಶಗಳನ್ನು ಬೆಳೆಸುವುದು ದನದ ಕರುವಿನ ರಕ್ತಸಾರದಲ್ಲಿ. ಮನುಷ್ಯರ ರಕ್ತದ ಪ್ರೋಟೀನುಗಳಿಗೆ ಈ ಅಣು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ಕೋಶಕ್ಕೆ ತಲುಪುವುದು ಅಲ್ಪ. ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಅಮೆರಿಕದ ವೈದ್ಯರು ಅರ್ಧ ಗಂಟೆ ವೇಗವಾಗಿ, ಮುಂದಿನ ನಾಲ್ಕು ಗಂಟೆ ನಿಧಾನವಾಗಿ ಔಷಧ ಹರಿಸಿದರು. ಬೇರೆ ಚಿಕಿತ್ಸೆಗೆ ಬಗ್ಗದ ಒಂದು ಬಗೆಯ ರಕ್ತದ ಕ್ಯಾನ್ಸರ್ ಹಲವರಲ್ಲಿ ತಗ್ಗಿತು. ಸಾಯುವ ಕೋಶಗಳು ಒಮ್ಮೆಲೇ ಒಡೆದು ರಕ್ತಕ್ಕೆ ವಿಷ ಸುರಿಯುವ ಅಪಾಯವೂ ಜೊತೆಗೇ ಬಂತು. ಇಷ್ಟೆಲ್ಲ ಆದರೂ ಫ್ಲೇವೊಪಿರಿಡಾಲ್ ಔಷಧಿ ಅಂಗಡಿಗೆ ಬಂದಿಲ್ಲ. ತೊಗಟೆಯ ಕಷಾಯ ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವವರು ತೊಗಟೆಗೂ ಔಷಧಕ್ಕೂ ನಡುವಿನ ಈ ದೂರವನ್ನು ಮರೆಮಾಚುತ್ತಾರೆ. ಅವರ ಮಾತು ನಂಬಿ ಆಸ್ಪತ್ರೆ ಬಿಟ್ಟವರು ಅಮೂಲ್ಯ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ.

ಯಶಸ್ಸು ಕಂಡ ಅಣುವೂ ಮುಂಬೈಗೆ ಅಪರಿಚಿತವಲ್ಲ. ಮನ್ರೋ ವಾಲ್ ಮತ್ತು ಬಾಂಬೆ ವಿಶ್ವವಿದ್ಯಾಲಯದಲ್ಲಿ ಓದಿದ ಮನ್ಸುಖ್ ವಾನಿ 1966ರಲ್ಲಿ ಅಮೆರಿಕದಲ್ಲಿ ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ತೆಗೆದರು. ಅದೇ ವಸ್ತು ನಮ್ಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆಯೆಂದು 1972ರಲ್ಲಿ ತೋರಿಸಿದವರು ಗೋರೆಗಾಂವ್‌ನ ಸೀಬಾ ಸಂಶೋಧನಾ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್. ಅದರಿಂದ ರೂಪುಗೊಂಡ ಇರಿನೊಟೆಕಾನ್ ಇಂದು ಕರುಳಿನ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ಬೇಡಿಕೆ ಏರಿದಂತೆ ಘಟ್ಟದಲ್ಲಿ ಈ ಮರಗಳು ಬುಡಸಮೇತ ಉರುಳಿದವು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಹಾಗಾಗಿಯೇ ಇಂಥ ಔಷಧೀಯ ಮರಗಳೊಳಗೆ ವಾಸಿಸುವ ಶಿಲೀಂಧ್ರಗಳತ್ತ ತಿರುಗಿದರು. ರೋಹಿಟುಕಿನ್ ತಯಾರಿಸುವ ಒಂದು ಶಿಲೀಂಧ್ರ ಅವರಿಗೆ ಸಿಕ್ಕಿದೆ. ಕೊಡುವ ಪ್ರಮಾಣ ಮಾತ್ರ ಅತ್ಯಲ್ಪ.